ನ್ಯೂಟ್ರಿಷನ್‌ಗೆ ಯಾವ ಪುಸ್ತಕ ತಗೊಳ್ಳೋದು? ಮೊದಲು ಮಕ್ಕಳ ಬೊಜ್ಜಿನ ಅಧ್ಯಾಯ ತೆಗೆದು ನೋಡಿ

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ನ್ಯೂಟ್ರಿಷನ್ ಪಾಠ ಮಾಡ್ತೀನಿ. ಪ್ರತಿ ವರ್ಷ ಹೊಸ ಬ್ಯಾಚ್ ಬಂದ ಮೊದಲನೇ ವಾರದಲ್ಲೇ "ಮೇಡಂ, ಯಾವ ಬುಕ್ ತಗೊಳ್ಲಿ" ಅಂತ ಕೇಳ್ತಾರೆ, ಈ ನಡುವೆ ಗೃಹವಿಜ್ಞಾನ ಓದೋರು, ಅಂಗನವಾಡಿ ಮೇಲ್ವಿಚಾರಕಿಯರು, ಮಗು ದಪ್ಪ ಆಗ್ತಿದೆ ಅಂತ ಚಿಂತೆಲಿರೋ ಅಪ್ಪ ಅಮ್ಮಂದಿರೂ ಕೇಳ್ತಾರೆ. ಮುಂಚೆ ಒಂದು ಹೆಸರು ಹೇಳಿ ಸುಮ್ಮನಾಗ್ತಿದ್ದೆ. ಆದ್ರೆ ಒಂದು ಸಲ ಇಂಟರ್ನಲ್ಸ್‌ನಲ್ಲಿ ಒಂದು ಲೆಕ್ಕ ಕೊಟ್ಟೆ: ಒಂಬತ್ತು ವರ್ಷದ ಹುಡುಗ, ಎತ್ತರ 132 ಸೆಂ.ಮೀ., ತೂಕ 34 ಕೆಜಿ, ಬಿಎಂಐ (ಕೆಜಿ ತೂಕವನ್ನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬರೋ ಅಂಕಿ) ತೆಗೆದು ಅವನು ಯಾವ ಗುಂಪಿಗೆ ಬರ್ತಾನೆ ಹೇಳಿ. ಬಿಎಂಐ 19.5 ಅಂತ ಎಲ್ರೂ ಸರಿಯಾಗೇ ತೆಗೆದಿದ್ರು. ಆಮೇಲೆ ನೋಡಿದ್ರೆ ಅರ್ಧ ಕ್ಲಾಸು "ನಾರ್ಮಲ್" ಅಂತ ಬರೆದಿದೆ, ಇನ್ನರ್ಧ "ಓವರ್‌ವೇಟ್" ಅಂತ. ಎರಡೂ ಕಡೆಯವರು ಪುಸ್ತಕ ಓದಿಯೇ ಬರೆದಿದ್ದು, ಓದಿದ ಪುಸ್ತಕ ಬೇರೆ ಬೇರೆ ಅಷ್ಟೆ.

ಅವತ್ತಿಂದ ನನ್ನ ಲೆಕ್ಕ ಬದಲಾಯ್ತು. ನ್ಯೂಟ್ರಿಷನ್ ಪುಸ್ತಕ ಕೊಳ್ಳೋ ಮುಂಚೆ ಮಕ್ಕಳ ಬೊಜ್ಜಿನ ಅಧ್ಯಾಯ ತೆಗೆದು ಈ ಹುಡುಗನನ್ನ ಅದರ ಮುಂದೆ ನಿಲ್ಲಿಸಿ ನೋಡಿ ಅಂತೀನಿ. ವಿಟಮಿನ್ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಐವತ್ತು ವರ್ಷ ಹಳೇದಾದ್ರೂ ಸ್ಕರ್ವಿ ಸ್ಕರ್ವಿನೇ. ಬೊಜ್ಜಿನ ಅಧ್ಯಾಯ ಹಾಗಲ್ಲ, ಬೆಳವಣಿಗೆ, ಹಾರ್ಮೋನು, ಮನೆ ಅಡುಗೆ, ಅಂಗಡಿ ತಿಂಡಿ, ತಾಯಿಯ ಗರ್ಭಾವಸ್ಥೆ ಎಲ್ಲಾ ಅಲ್ಲಿ ಒಂದೇ ಕಡೆ ಸೇರತ್ತೆ, ಬೇಗ ಹಳಸೋದೂ ಅದೇ. ಲೇಖಕರು ಯಾವ ಮಗುವನ್ನ ಮನಸ್ಸಲ್ಲಿಟ್ಕೊಂಡು ಬರೆದಿದ್ದಾರೆ ಅನ್ನೋದು ಆ ಹತ್ತು ಪುಟದಲ್ಲೇ ಗೊತ್ತಾಗತ್ತೆ.

ಮೊದಲನೇದು, ಪುಸ್ತಕ ಯಾವ ಗೆರೆ ಇಟ್ಕೊಂಡು ಅಳೀತಿದೆ. ದೊಡ್ಡವರಿಗೆ ಬಿಎಂಐ 18.5ರಿಂದ 24.9 ನಾರ್ಮಲ್, ನಮ್ಮ ಏಷ್ಯಾದವರಿಗೆ 22.9ಕ್ಕೇ ನಿಲ್ಲಿಸ್ತಾರೆ. ಆ ಟೇಬಲ್ಲಿಗೆ ನಮ್ಮ ಹುಡುಗನ 19.5 ಹಾಕಿದ್ರೆ ಪಾಸ್. ಆದ್ರೆ ಡಬ್ಲ್ಯೂಎಚ್‌ಒ ಮಕ್ಕಳ ಪಟ್ಟಿಯಲ್ಲಿ ಒಂಬತ್ತು ವರ್ಷದ ಗಂಡು ಮಗುವಿಗೆ ಮಧ್ಯದ ಅಂಕಿ 16, ಪ್ಲಸ್ ಒಂದು ಎಸ್‌ಡಿ (ಮಧ್ಯದ ಅಂಕಿಯಿಂದ ಒಂದು ಮೆಟ್ಟಿಲು ಮೇಲೆ, ಓವರ್‌ವೇಟ್ ಗೆರೆ) 17.9, ಪ್ಲಸ್ ಎರಡು ಎಸ್‌ಡಿ (ಎರಡು ಮೆಟ್ಟಿಲು ಮೇಲೆ, ಬೊಜ್ಜಿನ ಗೆರೆ) 20.5. ಅಂದ್ರೆ ಇವನು ಓವರ್‌ವೇಟ್ ಗೆರೆ ದಾಟಿ ಬೊಜ್ಜಿನ ಕಡೆ ನಡೀತಿದ್ದಾನೆ. ದೊಡ್ಡವರ ಟೇಬಲ್ಲನ್ನೇ ಮಕ್ಕಳಿಗೂ ಹಾಕೋ ಪುಸ್ತಕ, ಅಥವಾ ಮಕ್ಕಳಿಗೆ ಬೇರೆ ಅಳತೆ ಇದೆ ಅಂತ ಒಂದು ಸಾಲೂ ಹೇಳದೇ ಬಿಡೋ ಪುಸ್ತಕ ಕೈಗೆ ಸಿಕ್ರೆ ಅಲ್ಲೇ ಮಡಚಿಡಿ, ಅದು ಎಷ್ಟೇ ಕಮ್ಮಿಗೆ ಸಿಗ್ತಿರಲಿ. ಇಂಥ ಪುಸ್ತಕಗಳು ಇವೆ, ನನ್ನ ಅರ್ಧ ಕ್ಲಾಸಿನ ಕೈಯಲ್ಲೇ ಇತ್ತಲ್ಲ.

ಒಳ್ಳೇ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗತ್ತೆ. ಐದು ವರ್ಷದೊಳಗಿನ ಮಕ್ಕಳಿಗೆ 2006ರ ಡಬ್ಲ್ಯೂಎಚ್‌ಒ ಸ್ಟ್ಯಾಂಡರ್ಡ್, ಅದನ್ನ ಮಾಡೋಕೆ ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕದ ಮಕ್ಕಳ ಜೊತೆ ದೆಹಲಿಯ ಮಕ್ಕಳನ್ನೂ ಅಳೆದಿದ್ರು. ಅಲ್ಲಿ ಓವರ್‌ವೇಟ್ ಅಂದ್ರೆ ಪ್ಲಸ್ ಎರಡು, ಬೊಜ್ಜು ಅಂದ್ರೆ ಪ್ಲಸ್ ಮೂರು. ಐದು ದಾಟಿದ ಮೇಲೆ 2007ರ ರೆಫರೆನ್ಸ್, ಅಲ್ಲಿ ಪ್ಲಸ್ ಒಂದು ಮತ್ತು ಪ್ಲಸ್ ಎರಡು, ಈ ಗೆರೆಗಳು 19 ವರ್ಷಕ್ಕೆ ಬಿಎಂಐ 25 ಮತ್ತು 30ಕ್ಕೆ ಹೋಗಿ ಸೇರ್ತಾವೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಚಾರ್ಟಿನಲ್ಲಿ 85 ಮತ್ತು 95ನೇ ಪರ್ಸೆಂಟೈಲ್, ಅಂದ್ರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ 85 ಅಥವಾ 95 ಮಕ್ಕಳಿಗಿಂತ ಮೇಲೆ. ನಮ್ಮ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು 2015ರಲ್ಲಿ 5ರಿಂದ 18 ವರ್ಷದವರಿಗೆ ತಮ್ಮದೇ ಚಾರ್ಟ್ ಕೊಟ್ರು, ಅದರ ಗೆರೆಗಳು ದೊಡ್ಡವರ 23 ಮತ್ತು 27ಕ್ಕೆ ಸಮ, ಯಾಕಂದ್ರೆ ನಮ್ಮವರಿಗೆ ಕಮ್ಮಿ ತೂಕದಲ್ಲೇ ಸಕ್ಕರೆ ಕಾಯಿಲೆ ಹತ್ತತ್ತೆ. ಪರೀಕ್ಷೆಗೆ ಇದಿಷ್ಟೂ ಬರಲ್ಲ ನಿಜ, ಆದ್ರೆ ಪುಸ್ತಕ ಬರೀ 85-95 ಅಂತಷ್ಟೇ ಹೇಳಿ ಮುಂದೆ ಹೋದ್ರೆ ಅದರ ಮನಸ್ಸಲ್ಲಿರೋದು ಅಮೆರಿಕದ ಮಗು ಅಂತ ಅರ್ಥ. ಹಾಗಂತ ಬಿಸಾಡಬೇಕಿಲ್ಲ, ಗೊತ್ತಿಟ್ಕೊಂಡು ಓದಬೇಕು.

ಅಂಗನವಾಡಿಯವರಿಗೆ ಇಲ್ಲಿ ಒಂದು ಮಾತು. ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣದ ಚಾರ್ಟ್ ಇರತ್ತಲ್ಲ, ಅದು ವಯಸ್ಸಿಗೆ ತಕ್ಕ ತೂಕದ್ದು, ಕಮ್ಮಿ ತೂಕ ಹಿಡಿಯೋಕೆ ಮಾಡಿದ್ದು. ಅದರಲ್ಲಿ ಬೊಜ್ಜು ಕಾಣಲ್ಲ. ಕುಳ್ಳಗಿರೋ ಮಗು ದಪ್ಪಗಿದ್ರೂ ಹಸಿರಲ್ಲೇ ಕೂತಿರತ್ತೆ. ಎತ್ತರಕ್ಕೆ ತಕ್ಕ ತೂಕ ಅನ್ನೋದನ್ನ ಬಿಡಿಸಿ ಹೇಳಿ, ಲೆಕ್ಕ ಮಾಡಿ ತೋರಿಸೋ ಪುಸ್ತಕವೇ ನಿಮಗೆ ಬೇಕಾಗಿರೋದು.

ಎರಡನೇದು ನಂಗೆ ತುಂಬಾ ಮುಖ್ಯ. ಒಂದೇ ಊರಲ್ಲಿ, ಕೆಲವು ಸಲ ಒಂದೇ ಮನೇಲಿ, ಬಡಕಲು ಮಗುವೂ ಬೊಜ್ಜಿರೋ ಮಗುವೂ ಇರೋದನ್ನ ಪುಸ್ತಕ ನೋಡಿದೆಯಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದರೊಳಗಿನ ಮಕ್ಕಳಲ್ಲಿ ಶೇ. 35.5 ಕುಬ್ಜರು (ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು), ಅದೇ ವಯಸ್ಸಲ್ಲಿ ಓವರ್‌ವೇಟ್ ಹಿಂದಿನ ಸಮೀಕ್ಷೆಯ ಶೇ. 2.1ರಿಂದ 3.4ಕ್ಕೆ ಏರಿದೆ. ಹಳೇ ಭಾರತೀಯ ಪುಸ್ತಕಗಳಲ್ಲಿ ಮಕ್ಕಳು ಅಂದ್ರೆ ಕ್ವಾಶಿಯೋರ್ಕರ್, ಮರಾಸ್ಮಸ್ ಅನ್ನೋ ಅಪೌಷ್ಟಿಕತೆಯ ಕಾಯಿಲೆಗಳು, ಕಮ್ಮಿ ತೂಕ ಅಳೆಯೋ ಗೋಮೆಜ್ ಗ್ರೇಡು ಅಷ್ಟೇ, ದಪ್ಪ ಮಗು ಅಂದ್ರೆ ಆರೋಗ್ಯದ ಮಗು. ವಿದೇಶಿ ಪುಸ್ತಕಗಳಲ್ಲಿ ಬೊಜ್ಜಿನ ಮೇಲೆ ಪುಟಗಟ್ಟಲೆ, ಕೊರತೆ ಅಂದ್ರೆ ದೂರದ ಯಾವುದೋ ದೇಶದ ಫೋಟೋ. ಎರಡೂ ಅರ್ಧರ್ಧ ಸತ್ಯ.

ಮತ್ತೆ ಈ ಎರಡು ತುದಿ ಒಂದಕ್ಕೊಂದು ಗಂಟು ಹಾಕ್ಕೊಂಡಿದಾವೆ, ಅದನ್ನ ಕಂಡುಹಿಡಿದಿದ್ರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿದ್ರು. ದಶಕಗಳ ನಂತರ ಆ ರಿಜಿಸ್ಟರ್ ಹಿಡ್ಕೊಂಡು ಅದೇ ಜನರನ್ನ ಹುಡುಕಿ ಪರೀಕ್ಷೆ ಮಾಡಿದಾಗ, ಕಮ್ಮಿ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಜಾಸ್ತಿ ಕಂಡಿತು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿ ಕೂಸುಗಳನ್ನ ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳ ಜೊತೆ ಹೋಲಿಸಿತು. ನಮ್ಮವು ಸರಾಸರಿ 2.7 ಕೆಜಿ, ಅವರವು 3.5 ಕೆಜಿ. ಅಷ್ಟು ಸಣ್ಣ ಕೂಸುಗಳಾದ್ರೂ ಮೈಯಲ್ಲಿ ಮಾಂಸಖಂಡ ಕಮ್ಮಿ, ಚರ್ಮದ ಕೆಳಗಿನ ಕೊಬ್ಬು ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿದಿತ್ತು. ತೆಳ್ಳಗೆ ಕಾಣತ್ತೆ ಆದ್ರೆ ಒಳಗೆ ಕೊಬ್ಬು. ಅದೇ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯುಡ್ಕಿನ್ ಇಬ್ಬರದೂ ಬಿಎಂಐ ಸರಿಯಾಗಿ 22.3, ಮೈಕೊಬ್ಬು ಮಾತ್ರ ಯಾಜ್ಞಿಕ್ ಅವರಿಗೆ ಶೇ. 21.2, ಯುಡ್ಕಿನ್ ಅವರಿಗೆ 9.1, ಅವರಿಬ್ಬರ ಫೋಟೋ ಸಮೇತ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕ್ಲಾಸಲ್ಲಿ ಇದನ್ನ ಹೇಳಿದ ದಿನ ಯಾರೂ ಮೊಬೈಲ್ ನೋಡಲ್ಲ. ಭಾರತದ ಮಕ್ಕಳ ಬೊಜ್ಜಿನ ಬಗ್ಗೆ ಬರೀತೀನಿ ಅನ್ನೋ ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ ಅಂದ್ರೆ ನಂಗೆ ನಿಜಕ್ಕೂ ಬೇಜಾರಾಗತ್ತೆ.

ಇನ್ನು ಪುಸ್ತಕದ ವಯಸ್ಸು. ಕವರ್ ಮೇಲೆ ಹೊಸ ವರ್ಷ ಇರತ್ತೆ, ಒಳಗೆ ಹಳೇ ಸರಕು, ರೀಪ್ರಿಂಟ್ ಬೇರೆ ಪರಿಷ್ಕರಣೆ ಬೇರೆ. ಐದು ನಿಮಿಷದಲ್ಲಿ ಹಿಡೀಬಹುದು. ಹೈದರಾಬಾದಿನ ಎನ್ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) 2020ರಲ್ಲಿ ಕೊಟ್ಟ ಆರ್‌ಡಿಎ (ದಿನಕ್ಕೆ ಯಾವ ಪೋಷಕಾಂಶ ಎಷ್ಟು ಬೇಕು ಅನ್ನೋ ಪಟ್ಟಿ) ಪ್ರಕಾರ ಮಾದರಿ ಗಂಡಸಿನ ತೂಕ 65 ಕೆಜಿ, ಹೆಂಗಸಿನದು 55. ಪುಸ್ತಕದ ಟೇಬಲ್ಲಿನಲ್ಲಿ ಗಂಡಸಿಗೆ 60 ಅಂತ ಇದ್ರೆ ಹಳೇದು, ಮುಗೀತು. ಹೊಸದ್ರಲ್ಲಿ ಆರ್‌ಡಿಎ ಪಕ್ಕ ಇಎಆರ್ (ಅರ್ಧ ಜನಕ್ಕೆ ಸಾಕಾಗೋ ಪ್ರಮಾಣ) ಅಂತ ಇನ್ನೊಂದು ಸಾಲು ಇರಬೇಕು. ಆಮೇಲೆ ಕೂಸಿಗೆ ಮೇಲಿನ ಆಹಾರ ಯಾವಾಗ ಶುರು ಅಂತ ನೋಡಿ, "ನಾಲ್ಕರಿಂದ ಆರು ತಿಂಗಳು" ಅಂತಿದ್ರೆ ಅದು 2001ಕ್ಕಿಂತ ಹಿಂದಿನ ಮಾತು, ಆ ವರ್ಷ ಡಬ್ಲ್ಯೂಎಚ್‌ಒ ಪೂರ್ತಿ ಆರು ತಿಂಗಳು ಎದೆಹಾಲು ಮಾತ್ರ ಅಂತ ಹೇಳಿಯಾಗಿದೆ. ಅಮೆರಿಕದ ಪುಸ್ತಕ ಆದ್ರೆ ಯಾವ ಆಹಾರ ಎಷ್ಟು ತಿನ್ನಬೇಕು ಅನ್ನೋದಕ್ಕೆ ಹಳೇ ಪಿರಮಿಡ್ ಚಿತ್ರ ಇದೆಯಾ ನೋಡಿ, 2011ರಲ್ಲಿ ಅವರು ಅದನ್ನ ಬಿಟ್ಟು ತಟ್ಟೆ ಚಿತ್ರಕ್ಕೆ ಬಂದಿದ್ರು, 2026ರಲ್ಲಿ ತಲೆಕೆಳಗಾದ ಪಿರಮಿಡ್ ತಂದ್ರು. ಕೊನೇದಾಗಿ ಹಿಂದಿನ ಇಂಡೆಕ್ಸ್‌ನಲ್ಲಿ ಲೆಪ್ಟಿನ್ ಅನ್ನೋ ಪದ ಹುಡುಕಿ. 1994ರಲ್ಲಿ ಫ್ರೀಡ್‌ಮನ್ ತಂಡ ಕಂಡುಹಿಡಿದಿದ್ದು, ಕೊಬ್ಬಿನ ಕೋಶಗಳೇ ಮೆದುಳಿಗೆ "ಸಾಕು" ಅಂತ ಹೇಳಿ ಕಳಿಸೋ ಹಾರ್ಮೋನು. ಅದಿಲ್ಲದ ಪುಸ್ತಕದಲ್ಲಿ ಬೊಜ್ಜಿಗೆ ಕಾರಣ ಅಂದ್ರೆ ಜಾಸ್ತಿ ತಿನ್ನೋದು, ಸೋಮಾರಿತನ, ಇಷ್ಟೇ ಇರತ್ತೆ.

ಈ ಕೊನೇ ಮಾತು ಬರೀ ವಿಜ್ಞಾನದ ವಿಷಯ ಅಲ್ಲ. ನಾನು ಚಿಕ್ಕವಳಿದ್ದಾಗ ದಪ್ಪಗಿದ್ದೆ, ಶಾಲೇಲಿ ತೂಕ ನೋಡೋಕೆ ಬಂದವರು ಎಲ್ಲರೆದುರು ಅಂಕಿ ಕೂಗಿ ಹೇಳಿದ್ರು, ಅದು ಇವತ್ತಿಗೂ ನೆನಪಿದೆ. ಹಾಗೆ ಕೂಗಿದವರೂ ಯಾವುದೋ ಪುಸ್ತಕ ಓದೇ ಬಂದವರು. ಹಾಗಾಗಿ ಪುಸ್ತಕದ ಭಾಷೆ ನೋಡ್ತೀನಿ. "ಬೊಜ್ಜು ಮಗು" ಅಂತ ಬರೀತಾರಾ, "ಬೊಜ್ಜಿರುವ ಮಗು" ಅಂತಾರಾ. ಅಮ್ಮ ಮುದ್ದು ಮಾಡಿ ಕೆಡಿಸಿದಳು ಅನ್ನೋ ಧಾಟಿ ಇದೆಯಾ, ಇಲ್ಲಾ ನಿದ್ದೆ, ಆಟದ ಜಾಗ, ಟ್ಯೂಷನ್ನು, ಅಂಗಡಿ, ಜಾಹೀರಾತು ಎಲ್ಲಾ ಲೆಕ್ಕಕ್ಕೆ ತಗೊಂಡಿದ್ದಾರಾ. ಚಿಕಿತ್ಸೆ ಭಾಗದಲ್ಲಿ ದೊಡ್ಡವರಿಗೆ ಕೊಡೋ 1000-1200 ಕ್ಯಾಲರಿ ಡಯಟ್ ಚಾರ್ಟನ್ನ ಮಗುವಿಗೂ ಹಾಗೇ ಹಾಕಿದ್ರೆ ಆ ಪುಸ್ತಕ ಬೇಡವೇ ಬೇಡ. ನಮ್ಮ 34 ಕೆಜಿ ಹುಡುಗ ಇನ್ನೂ ಬೆಳೀತಿದ್ದಾನೆ, ತೂಕ ಏರದೇ ಹಾಗೇ ನಿಂತು ಎತ್ತರ ಬೆಳೆದ್ರೂ ಬಿಎಂಐ ತಾನೇ ಇಳಿಯತ್ತೆ. 140 ಸೆಂ.ಮೀ. ಆಗೋ ಹೊತ್ತಿಗೆ ಅದೇ 34 ಕೆಜಿಗೆ ಬಿಎಂಐ 17.3. ಈ ಲೆಕ್ಕ ಮಾಡಿ ತೋರಿಸಿ, ಮನೆಯವರೆಲ್ಲ ಒಟ್ಟಿಗೆ ಊಟದ ರೀತಿ ಬದಲಾಯಿಸಬೇಕು, ದಿನಕ್ಕೆ 60 ನಿಮಿಷ ಮೈ ಬಗ್ಗಿಸಿ ಆಡಬೇಕು ಅಂತ ಹೇಳೋ ಪುಸ್ತಕ ಮಗುವನ್ನ ಅರ್ಥ ಮಾಡ್ಕೊಂಡಿದೆ ಅಂತ.

ಸರಿ, ಈಗ ಕೈಗೆ ಸಿಗೋ ಪುಸ್ತಕಗಳು.

ಎಂ. ಸ್ವಾಮಿನಾಥನ್ ಅವರದ್ದು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದವರು, ಬೆಂಗಳೂರಿನ ಬ್ಯಾಪ್ಕೋ ಪ್ರಕಾಶನದ ಎರಡು ಸಂಪುಟ. ಹಸಿರು ಕ್ರಾಂತಿಯ ಸ್ವಾಮಿನಾಥನ್ ಬೇರೆ, ಇವರು ಬೇರೆ. ಆಹಾರದ ರಸಾಯನಶಾಸ್ತ್ರ, ಪ್ರೋಟೀನ್ ಗುಣಮಟ್ಟ, ಬೇಳೆ-ಧಾನ್ಯ ಸೇರಿಸಿದ್ರೆ ಏನಾಗತ್ತೆ, ಇದೆಲ್ಲ ಇವರಷ್ಟು ಬಿಡಿಸಿ ಹೇಳೋರು ಕಮ್ಮಿ, ನಾನು ಇವತ್ತಿಗೂ ತೆಗೆದು ನೋಡ್ತೀನಿ. ಆದ್ರೆ ಆ ಕಾಲದ ದೊಡ್ಡ ಚಿಂತೆ ಹಸಿವು ಮತ್ತು ಪ್ರೋಟೀನ್ ಕೊರತೆ, ನಮ್ಮ ಹುಡುಗನಿಗೆ ಇದ್ರಲ್ಲಿ ಉತ್ತರ ಹುಡುಕಬೇಡಿ.

ಬಿ. ಶ್ರೀಲಕ್ಷ್ಮಿ ಅವರ ನ್ಯೂಟ್ರಿಷನ್ ಸೈನ್ಸ್ ಮತ್ತು ಡಯಟೆಟಿಕ್ಸ್, ಎರಡೂ ನ್ಯೂ ಏಜ್ ಇಂಟರ್‌ನ್ಯಾಷನಲ್‌ದು. ಗೃಹವಿಜ್ಞಾನದವರ ಕೈಯಲ್ಲಿ ಜಾಸ್ತಿ ಕಾಣೋದು ಇದೇ. ಇಂಗ್ಲಿಷ್ ಸುಲಭ, ಕನ್ನಡ ಮೀಡಿಯಂನಿಂದ ಬಂದವರಿಗೂ ಬಾಯಿಗೆ ಹತ್ತತ್ತೆ, ನಮ್ಮ ಊಟ ತಿಂಡಿ ಹೆಸರುಗಳಿರ್ತಾವೆ, ಪ್ರಶ್ನೆಗೆ ತಕ್ಕ ಹಾಗೆ ಉತ್ತರ ಜೋಡಿಸಿದ ಥರ ಇರತ್ತೆ. ಪರೀಕ್ಷೆ ಪಾಸ್ ಆಗೋಕೆ ಒಂದೇ ಪುಸ್ತಕ ಅಂದ್ರೆ ಇದನ್ನೇ ಹೇಳ್ತೀನಿ. ಆದ್ರೆ 2020ಕ್ಕಿಂತ ಮುಂಚಿನ ಆವೃತ್ತಿ ಬೇಡ, ಮತ್ತೆ ಕಾರಣ-ಪರಿಣಾಮದ ಆಳಕ್ಕೆ ಇಳೀಬೇಕು ಅಂದ್ರೆ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇರಲಿ.

ಆ ಇನ್ನೊಂದು ಅಂದ್ರೆ ಸಾಮಾನ್ಯವಾಗಿ ಕ್ರೌಸ್. ಈಗ ಕ್ರೌಸ್ ಅಂಡ್ ಮಹಾನ್ ಅಂತ ಹೆಸರು, 16ನೇ ಆವೃತ್ತಿ ಬಂದಿದೆ. ಎತ್ತೋಕೇ ಭಾರ, ಬೆಲೆಯೂ ಹಾಗೇ. ಆಸ್ಪತ್ರೇಲಿ ಡಯಟೀಷಿಯನ್ ಆಗೋರಿಗೆ ಇದರಷ್ಟು ಉಪಯೋಗ ಇನ್ಯಾವ್ದೂ ಇಲ್ಲ, ರೋಗಿಯನ್ನ ಅಳೆಯೋದು, ಸಮಸ್ಯೆ ಗುರುತಿಸೋದು, ಮಾಡಬೇಕಾದ್ದನ್ನ ಮಾಡೋದು, ಮತ್ತೆ ಹಿಂತಿರುಗಿ ನೋಡೋದು ಅಂತ ಒಂದು ಶಿಸ್ತು ಕಲಿಸತ್ತೆ. ಕೂಸು, ಮಗು, ಹದಿಹರೆಯ ಅಂತ ಬೇರೆ ಬೇರೆ ಅಧ್ಯಾಯ ಇದಾವೆ. ಆದ್ರೆ ಅಳತೆ, ಆರ್‌ಡಿಎ, ಉದಾಹರಣೆ ಊಟ ಎಲ್ಲಾ ಅಮೆರಿಕದ್ದು. ನನ್ನ ಸಲಹೆ ಲೈಬ್ರರಿಲಿ ಕೂತು ಓದಿ, ಎಂಎಸ್ಸಿ ಮಾಡೋರು ಬೇಕಾದ್ರೆ ಇಬ್ಬರು ಮೂವರು ಸೇರಿ ಕೊಳ್ಳಿ.

ದುಡ್ಡೇ ಇಲ್ಲ ಅನ್ನೋರಿಗೆ ಹವಾಯಿ ವಿಶ್ವವಿದ್ಯಾಲಯದವರ ಹ್ಯೂಮನ್ ನ್ಯೂಟ್ರಿಷನ್ ಅನ್ನೋ ಪುಸ್ತಕ ಆನ್‌ಲೈನಲ್ಲಿ ಪೂರ್ತಿ ಫ್ರೀ, ಕದ್ದ ಪಿಡಿಎಫ್ ಅಲ್ಲ, ಅವರೇ ಹಂಚಿರೋದು. ಜೀರ್ಣಕ್ರಿಯೆ, ಚಯಾಪಚಯ ಚೆನ್ನಾಗಿ ಚಿತ್ರ ಹಾಕಿ ಹೇಳಿದಾರೆ. ಅವರ ಊರಿನ ಆಹಾರ ಅಂದ್ರೆ ಕೆಸುವಿನ ಗೆಡ್ಡೆ, ಅದನ್ನ ಓದುವಾಗ ನಮ್ಮ ಮಲೆನಾಡು ಕರಾವಳಿ ಕಡೆಯ ಹುಡುಗೀರಿಗೆ ಪತ್ರೊಡೆ ನೆನಪಾಗಿ ಖುಷಿಯಾಗತ್ತೆ. ಅವರು ತಮ್ಮ ನೆಲದ ಆಹಾರ ಇಟ್ಕೊಂಡು ಪುಸ್ತಕ ಬರೆದ ಹಾಗೆ ನಮ್ಮಲ್ಲೂ ಮುದ್ದೆ, ಜೋಳದ ರೊಟ್ಟಿ, ಕುಚಲಕ್ಕಿ ಗಂಜಿ ಇಟ್ಕೊಂಡು ಯಾರಾದ್ರೂ ಕನ್ನಡದಲ್ಲಿ ಬರೆದ್ರೆ ಎಷ್ಟು ಚೆನ್ನಾಗಿರತ್ತೆ ಅಂತ ಪ್ರತಿ ಸಲ ಅನ್ಸತ್ತೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದವರ ಪಾಠಗಳೂ ಅವರ ಇ-ಜ್ಞಾನಕೋಶ ವೆಬ್‌ಸೈಟಲ್ಲಿ ಫ್ರೀ ಸಿಗ್ತಾವೆ, ಭಾಷೆ ಸರಳ, ಅಂಗನವಾಡಿ ಮೇಲ್ವಿಚಾರಕಿಯರಿಗೆ ಅದನ್ನೇ ಕಳಿಸ್ತೀನಿ, ವರ್ಷ ಮಾತ್ರ ನೋಡ್ಕೊಳ್ಳಿ.

ಯಾವ ಪುಸ್ತಕ ತಗೊಂಡ್ರೂ ಎನ್ಐಎನ್‌ದು ಎರಡು ಇಟ್ಕೊಳ್ಳಲೇಬೇಕು. ಒಂದು, 2024ರ ಡಯಟರಿ ಗೈಡ್‌ಲೈನ್ಸ್, ಪಿಡಿಎಫ್ ಫ್ರೀ, 17 ಸೂತ್ರ. ಮಕ್ಕಳ ಊಟಕ್ಕೆ ಒಂದು, ಬೊಜ್ಜಿಗೆ ಒಂದು, ಪ್ಯಾಕೆಟ್ ಲೇಬಲ್ ಓದೋದಕ್ಕೂ ಒಂದು ಸೂತ್ರ ಇದೆ. ಅಪ್ಪ ಅಮ್ಮಂದಿರಿಗೆ ನಾನು ಹೇಳೋದು ಇದೊಂದೇ, ನಿಮಗೆ ಪಠ್ಯಪುಸ್ತಕ ಬೇಕಾಗಿಲ್ಲ. ಎರಡನೇದು 2017ರ ಇಂಡಿಯನ್ ಫುಡ್ ಕಾಂಪೊಸಿಷನ್ ಟೇಬಲ್ಸ್, 528 ಆಹಾರಗಳು. ಹಳೇ ಪುಸ್ತಕಗಳು ಗೋಪಾಲನ್ ಅವರ ಹಳೇ ಟೇಬಲ್ಲಿಂದ ಅಂಕಿ ತಗೊಂಡಿರ್ತಾವೆ, ಅದ್ರಲ್ಲಿ ನೂರು ಗ್ರಾಂ ರಾಗಿಗೆ ಕ್ಯಾಲ್ಸಿಯಂ 344 ಮಿ.ಗ್ರಾಂ., ಹೊಸದ್ರಲ್ಲಿ 364. ರಾಗಿಲಿ ವ್ಯತ್ಯಾಸ ಸಣ್ಣದು ಅಂತ ಬಿಡಬಹುದು, ಎಲ್ಲ ಆಹಾರದಲ್ಲೂ ಹಾಗಿಲ್ಲ. ಒಂದು ಎಚ್ಚರಿಕೆ, ಹೊಸ ಟೇಬಲ್ಲಲ್ಲಿ ಶಕ್ತಿ ಕಿಲೋಜೂಲ್‌ನಲ್ಲಿದೆ. ರಾಗಿಗೆ 1342 ಅಂತ ನೋಡಿ ಒಬ್ಬಳು ವಿದ್ಯಾರ್ಥಿನಿ ಅದನ್ನೇ ಕ್ಯಾಲರಿ ಅಂತ ಬರೆದು ಇಡೀ ಡಯಟ್ ಪ್ಲಾನ್ ಹಾಳು ಮಾಡ್ಕೊಂಡಿದ್ಲು ಪಾಪ, 4.184ರಿಂದ ಭಾಗಿಸಿದ್ರೆ 320 ಚಿಲ್ಲರೆ ಕಿಲೋಕ್ಯಾಲರಿ ಬರತ್ತೆ.

ಸಕ್ಕರೆ ಬಗ್ಗೆ ಪುಸ್ತಕ ಎಷ್ಟು ಧೈರ್ಯವಾಗಿ ಮಾತಾಡತ್ತೆ ಅನ್ನೋದನ್ನೂ ನೋಡಿ. ಡಬ್ಲ್ಯೂಎಚ್‌ಒ 2015ರಲ್ಲೇ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಮ್ಮಿ ಇರಲಿ ಅಂತ ಹೇಳಿದೆ, 1600 ಕ್ಯಾಲರಿ ತಿನ್ನೋ ಮಗುವಿಗೆ ಅದು 40 ಗ್ರಾಂ. ಹಾಲಿಗೆ ಕಲಸೋ ಪುಡಿ, ಬಿಸ್ಕತ್ತು, ಜ್ಯೂಸ್ ಪ್ಯಾಕೆಟ್ಟು ಸೇರಿದ್ರೆ ಮಧ್ಯಾಹ್ನದೊಳಗೇ ಮುಗಿದು ಹೋಗಬಹುದು. 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಅಂಥ ಪುಡಿಗಳನ್ನ "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೀರಿ ಅಂತ ಆನ್‌ಲೈನ್ ಮಾರಾಟಗಾರರಿಗೆ ಹೇಳ್ತು, ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನ 2020ರ ನಿಯಮದಲ್ಲಿ ಶಾಲೆಯ 50 ಮೀಟರ್ ಒಳಗೆ ಕೊಬ್ಬು-ಉಪ್ಪು-ಸಕ್ಕರೆ ಜಾಸ್ತಿ ಇರೋ ತಿಂಡಿ ಮಾರೋ ಹಾಗಿಲ್ಲ ಅಂತಿದೆ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ 20 ಜನರನ್ನ ಒಳಗೇ ಇರಿಸ್ಕೊಂಡು ಎರಡು ವಾರ ಕಾರ್ಖಾನೆ ತಿಂಡಿ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದ್ರು, ಬೇಕಾದಷ್ಟು ತಿನ್ನಿ ಅಂತ ಬಿಟ್ಟಾಗ ಕಾರ್ಖಾನೆ ತಿಂಡಿಯಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ಹೋಯ್ತು. ಅವರೆಲ್ಲ ದೊಡ್ಡವರೇ, ಆದ್ರೂ ಮಗುವಿನ ಕೈಲಿರೋ ಪ್ಯಾಕೆಟ್ ಬಗ್ಗೆ ಬರೆಯುವಾಗ ಪುಸ್ತಕ ಇದನ್ನೆಲ್ಲ ಬಿಟ್ಟು ಬರೀ "ಜಂಕ್ ಫುಡ್ ತ್ಯಜಿಸಿ" ಅಂತ ಒಂದು ಸಾಲು ಬರೆದ್ರೆ ಸಾಲದು.

ಹಾಗಾದ್ರೆ ಯಾರಿಗೆ ಯಾವ್ದು? ನರ್ಸಿಂಗ್, ಗೃಹವಿಜ್ಞಾನ ಡಿಗ್ರಿಯವರು ಶ್ರೀಲಕ್ಷ್ಮಿ ಹೊಸ ಆವೃತ್ತಿ ಮತ್ತೆ ಎನ್ಐಎನ್‌ದು ಎರಡು, ಫಿಸಿಯಾಲಜಿ ಅರ್ಥ ಆಗದಿದ್ರೆ ಹವಾಯಿಯವರದ್ದು. ಡಯಟೀಷಿಯನ್ ದಾರಿ ಹಿಡಿದವರು ಕ್ರೌಸ್ ಜೊತೆಗೆ ಪೀಡಿಯಾಟ್ರಿಕ್ಸ್ ಅಕಾಡೆಮಿಯ ಚಾರ್ಟು, ಈ ಜೋಡಿ ಬಿಡಬೇಡಿ, ಒಂದು ಇದ್ದು ಇನ್ನೊಂದು ಇಲ್ಲ ಅಂದ್ರೆ ನಮ್ಮ ಹುಡುಗನ ಲೆಕ್ಕ ತಪ್ಪತ್ತೆ. ಆಹಾರ ವಿಜ್ಞಾನ ಇಷ್ಟ ಇರೋರು ಸ್ವಾಮಿನಾಥನ್ ಸಿಕ್ರೆ ಬಿಡಲೇಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಬೆಂಗಳೂರಿನ ಅವೆನ್ಯೂ ರೋಡಿಗೆ ಹೋಗೋರು ಅಂಗಡಿಯವರ ಮಾತು ಕೇಳ್ಕೊಂಡು ಕವರ್ ನೋಡಿ ದುಡ್ಡು ಕೊಡಬೇಡಿ, ಅಲ್ಲೇ ನಿಂತು ಆರ್‌ಡಿಎ ಟೇಬಲ್ಲಲ್ಲಿ 60ಆ 65ಆ ನೋಡಿ, ಮಕ್ಕಳ ಬಿಎಂಐ ಪುಟ ಹುಡುಕಿ. ಹಳೇದೇ ಸಿಕ್ತು, ಇಷ್ಟ ಆಯ್ತು, ಬೆಲೆ ಕಮ್ಮಿ ಅಂದ್ರೆ ತಗೊಳ್ಳಿ, ಮನೆಗೆ ಬಂದು ಹೊಸ ಆರ್‌ಡಿಎ, ಡಬ್ಲ್ಯೂಎಚ್‌ಒ ಪಟ್ಟಿ, ಅಕಾಡೆಮಿ ಚಾರ್ಟು ಪ್ರಿಂಟ್ ತೆಗೆದು ಆಯಾ ಪುಟದ ಮೇಲೇ ಅಂಟಿಸಿ, ಹಳೇ ಅಂಕಿ ಕಣ್ಣಿಗೇ ಬೀಳಬಾರದು. ನನ್ನ ಪುಸ್ತಕದಲ್ಲಿ ಅಂಥ ಏಳು ಹಾಳೆ ಅಂಟಿದಾವೆ, ಬೆನ್ನು ಉಬ್ಬಿಕೊಂಡು ಮುಚ್ಚೋಕೇ ಬರಲ್ಲ, ಕ್ಲಾಸಿಗೆ ಅದನ್ನೇ ಎತ್ಕೊಂಡು ಹೋಗ್ತೀನಿ.